ಹಿಮದ ಮೇಲೊಂದು ಮದುವೆ

ನಿನ್ನೆ ರಾತ್ರಿಯಿಂದ ಹ್ಯೂಬರ್ಟ್ ಬ್ರೂಕ್ಸ್ ಮನಸ್ಸಿನಿಂದ ಹೋಗ್ತಾನೇ ಇಲ್ಲ. ಕೆನಡಾದ ವಾಯುಪಡೆಯವರು. 1942ರ ಏಪ್ರಿಲ್‌ನಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬ್ ದಾಳಿಗೆ ಹೋದಾಗ ವಿಮಾನ ಬಿತ್ತು, ಜರ್ಮನ್ನರ ಕೈಗೆ ಸಿಕ್ಕರು. ತಪ್ಪಿಸಿಕೊಂಡರು, ಸಿಕ್ಕಿಬಿದ್ದರು, ಮತ್ತೆ ತಪ್ಪಿಸಿಕೊಂಡರು. ಕೊನೆಗೆ ಪೋಲೆಂಡ್‌ನ ಕಾಡು ಗುಡ್ಡಗಳಲ್ಲಿ ಅಲ್ಲಿನ ಗೆರಿಲ್ಲಾಗಳ ಜೊತೆ ಸೇರಿ ಹೋರಾಡಿದರು. ಶೌರ್ಯಕ್ಕೆ ಕೊಡುವ ಬ್ರಿಟಿಷ್ ಪದಕ ಮಿಲಿಟರಿ ಕ್ರಾಸ್ ಬಂತು.

1948ರಲ್ಲಿ ಅದೇ ಮನುಷ್ಯ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ! ಚಳಿಗಾಲದ ಒಲಿಂಪಿಕ್ಸ್‌ಗೆ ಬಂದಿದ್ದ ವಾಯುಪಡೆಯ ಐಸ್ ಹಾಕಿ ತಂಡ, ಆರ್‌ಸಿಎಎಫ್ (ರಾಯಲ್ ಕೆನಡಿಯನ್ ಏರ್ ಫೋರ್ಸ್) ಫ್ಲೈಯರ್ಸ್‌ನಲ್ಲಿ ಬದಲಿ ಆಟಗಾರ. ಆಟವೆಲ್ಲ ಬಯಲಿನ ಮಂಜುಗಡ್ಡೆಯ ಮೇಲೆ. ತಂಡ ಎಂಟು ಪಂದ್ಯಗಳಲ್ಲಿ ಏಳು ಗೆದ್ದಿತು. ಜೆಕೊಸ್ಲೊವಾಕಿಯಾ ಜೊತೆ ಮಾತ್ರ 0-0. ಅಂಕಗಳಲ್ಲಿ ಎರಡೂ ತಂಡ ಸಮ, ಗೋಲ್‌ಗಳ ಲೆಕ್ಕದಲ್ಲಿ ಚಿನ್ನ ಇವರದಾಯಿತು. ಗೋಲ್‌ಕೀಪರ್ ಮರ್ರಿ ಡೌವಿ ಐದು ಪಂದ್ಯಗಳಲ್ಲಿ ಒಂದೂ ಗೋಲ್ ಬಿಡಲಿಲ್ಲ.

ಆದರೆ ನನಗೆ ಜಾಸ್ತಿ ಇಷ್ಟವಾಗಿದ್ದು ಬೇರೆ. ಬ್ರೂಕ್ಸ್ ಮದುವೆಯಾಗಿದ್ದೂ ಅದೇ ಊರಲ್ಲಿ, ಅದೇ ಒಲಿಂಪಿಕ್ಸ್ ಹೊತ್ತಿಗೆ. ವಧುವಿನ ಪಕ್ಕ ಗೆಳತಿಯಾಗಿ ನಿಂತವರು ಬಾರ್ಬರಾ ಆನ್ ಸ್ಕಾಟ್, ಆ ವರ್ಷ ಫಿಗರ್ ಸ್ಕೇಟಿಂಗ್‌ನಲ್ಲಿ ಚಿನ್ನ ಗೆದ್ದವರು.

ಪೋಲೆಂಡಿನ ಚಳಿಯಲ್ಲಿ ಜೀವ ಉಳಿಸಿಕೊಳ್ಳಲು ಓಡಿದ ಕಾಲುಗಳು, ಕೆಲವೇ ವರ್ಷಗಳಲ್ಲಿ ಸ್ಕೇಟ್ ಕಟ್ಟಿಕೊಂಡಿದ್ದವು. ಹಿಮ ಅವರಿಗೆ ಆಗ ಹೇಗೆ ಕಂಡಿರಬಹುದು ಅಲ್ವಾ?