ಈ ಬಾವಿ ಎಲ್ಲಿಡ್ಲಿ ಸಾರ್?

ನಿನ್ನೆ ಸೆಟ್ ಬಿಚ್ಚಿ ಮುಗಿಸುವಾಗ ರಾತ್ರಿ ಹನ್ನೊಂದೂವರೆ. ಬೆರಳಿಂದ ಇನ್ನೂ ಫೆವಿಕಾಲ್ ಸಿಪ್ಪೆ ಏಳುತ್ತಿದೆ. "ಎರಡು ಗಂಟೆ ನಾಟಕಕ್ಕೆ ಹದಿನೈದು ದಿನ ಕೆಲಸ ಮಾಡ್ತೀರ, ಆಮೇಲೆ ನೀವೇ ಬಿಚ್ಚಿ ಹಾಕ್ತೀರ. ಬೇಜಾರಾಗಲ್ವಾ ಸಾರ್?" ಟೆಂಪೋ ಡ್ರೈವರ್ ಪ್ರಶ್ನೆ. ಸುಮ್ನೆ ನಕ್ಕೆ.

ಅಜ್ಜಿ ಊರಲ್ಲಿ ಯಕ್ಷಗಾನ ನೋಡಿ ಬೆಳೆದವನು ನಾನು. ರಂಗಸ್ಥಳದಲ್ಲಿ ಇರುತ್ತಿದ್ದದ್ದು ಒಂದೇ ಮರದ ಪೀಠ. ಅದರ ಹೆಸರೇ ರಥ. ಕೌರವ ಕೂತರೆ ಸಿಂಹಾಸನ, ಅರ್ಜುನ ಹತ್ತಿದರೆ ತೇರು. ನಿದ್ದೆಗಣ್ಣಲ್ಲೂ ನನಗೆ ಕುದುರೆ ಕಾಣುತ್ತಿತ್ತು!

ಈ ಕೆಲಸಕ್ಕೆ ಬಂದ ಹೊಸದರಲ್ಲಿ ಅದೆಲ್ಲ ಮರೆತೇಹೋಗಿತ್ತು. ಅರಮನೆ ಅಂದರೆ ಕಂಬ, ಕಮಾನು, ಥರ್ಮಾಕೋಲಿನ ಆನೆ. ರವೀಂದ್ರ ಕಲಾಕ್ಷೇತ್ರದಲ್ಲಿ ಜನ ಎದುರಿಗೆ ಮಾತ್ರ ಕೂರುತ್ತಾರೆ, ಹೇಗೋ ನಡೆಯಿತು. ಅದೇ ಸೆಟ್ ರಂಗಶಂಕರಕ್ಕೆ ಹೋಯಿತು ನೋಡಿ, ಅಲ್ಲಿ ಮೂರು ಕಡೆಯೂ ಜನ. ಕಂಬದ ಬೆನ್ನಿನ ಪಟ್ಟಿ, ಮೊಳೆ, ಬಣ್ಣ ಕಾಣದ ಪ್ಲೈವುಡ್ ಎಲ್ಲ ಬಯಲು. ಪಕ್ಕದ ಸಾಲಿನ ಹುಡುಗನೊಬ್ಬ ರಾಜನನ್ನು ಬಿಟ್ಟು ಮೊಳೆ ಎಣಿಸುತ್ತಿದ್ದ. ಅವತ್ತು ಆದ ನಾಚಿಕೆ ಯಾವ ವಿಮರ್ಶೆಯಿಂದಲೂ ಆಗಿಲ್ಲ.

ಈಗ ಏನೇ ಮಾಡಿದರೂ ಮೊದಲು ಒಂದು ವಸ್ತು ಕಡಿಮೆ ಮಾಡಿ ನೋಡುತ್ತೇನೆ. ಬಜೆಟ್ ಕಡಿಮೆ ಅನ್ನೋದೂ ನಿಜ, ಅದನ್ನೇನು ಮುಚ್ಚಿಡುವುದು! ಈ ಸಲ ನಟರು ಹತ್ತಿ ನಿಲ್ಲುವ ಕಟ್ಟೆಯಂಥ ಎರಡು ಲೆವೆಲ್, ನಾಲ್ಕು ಬಿದಿರು, ಟೀ ಡಿಕಾಕ್ಷನ್‌ನಲ್ಲಿ ಅದ್ದಿದ ಗೋಣಿತಾಟು, ಒಂದು ಖಾಲಿ ಡಬ್ಬ. ಆ ಡಬ್ಬದೊಳಗೆ ಬಗ್ಗಿ ನಟಿ ಅಮ್ಮನನ್ನು ಕೂಗುತ್ತಾಳೆ, ಅಷ್ಟೇ.

ಟೆಂಪೋ ಅರ್ಧ ತುಂಬಿತ್ತು. ವೇದಿಕೆಯ ಬದಿಯಲ್ಲಿ, ವಿಂಗ್ಸ್ ಪಕ್ಕ ನಿಂತು ನಾಟಕ ನೋಡಿದ್ದರೋ ಏನೋ, ಡ್ರೈವರ್ ಆ ಡಬ್ಬ ಎತ್ತಿಕೊಂಡು ಬಂದು ಕೇಳಿದರು: "ಈ ಬಾವಿ ಎಲ್ಲಿಡ್ಲಿ ಸಾರ್?"