ಗಾಳಿಕಂಬದ ಲೆಕ್ಕ, ಮೂರನೇ ಕಂತು: ನೆಲ್ಲು ಯಾವ ಕಡೆ ಮಲಗಿತು?

ಹೋದ ಸಲ ಬರೆದಾಗ ಕಂಬ ನಿಂತಿತ್ತು, ಸೌಟುಗಳು ತಿರುಗುತ್ತಿದ್ದವು, ನಾನು ಭಾರಿ ಖುಷಿಯಲ್ಲಿದ್ದೆ. ಈ ಸಲ ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಗಾಳಿ ಬಂತು, ನನ್ನ ಯಂತ್ರ ಅದನ್ನು ಹಿಡಿಯಲಿಲ್ಲ.

ಹೊಸದಾಗಿ ಓದುವವರಿಗೆ ಒಂದು ಮಾತು. ಕಾರಟಗಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಗಾಳಿಯ ವೇಗ ಅಳೆಯೋಕೆ ಅಂತ ಮಾಳಿಗೆ ಮೇಲೆ 20 ಅಡಿ ಪೈಪು ನಿಲ್ಲಿಸಿದ್ದೇನೆ. ತುದಿಯಲ್ಲಿ ಮೂರು ಸ್ಟೀಲ್ ಸೌಟು, ಹಳೇ ಫ್ಯಾನಿನ ಬೇರಿಂಗು, ಒಂದು ಆಯಸ್ಕಾಂತ, ಅದು ಹತ್ತಿರ ಬಂದಾಗಲೆಲ್ಲ ಒಂದು ಸುತ್ತು ಎಣಿಸಲು ರೀಡ್ ಸ್ವಿಚ್ಚು. ಕೆಳಗೆ ಲೆಕ್ಕ ಬರೆದಿಡುವ ಪುಟ್ಟ ಕಂಪ್ಯೂಟರ್, ಅಂದರೆ ಇಎಸ್‌ಪಿ32 ಬೋರ್ಡು, ಜೊತೆಗೆ ಉಷ್ಣಾಂಶ ಮತ್ತು ಒತ್ತಡ ಅಳೆಯುವ ಬಿಎಂಇ280. ಸೌಟು ಕಾಣೆಯಾಗಿದ್ದಕ್ಕೆ ಮನೆಯಲ್ಲಿ ಇನ್ನೂ ಬೈಗುಳ ನಡೆದಿದೆ.

ಅಳತೆ ಸರಿ ಮಾಡಿದ್ದು ಹೀಗೆ: ಬೆಳಗಿನ ಐದೂವರೆಗೆ, ಎಲೆಯೂ ಅಲ್ಲಾಡದ ಹೊತ್ತಿನಲ್ಲಿ, ನಾಲೆ ರಸ್ತೆ ಮೇಲೆ ಅಳಿಯ ಬೈಕ್ ಓಡಿಸಿದ. ನಾನು ಹಿಂದೆ ಕೂತು ಸೌಟಿನ ಚಕ್ರವನ್ನು ತಲೆ ಮೇಲೆ ಎತ್ತಿ ಹಿಡಿದಿದ್ದೆ. 20, 30, 40, 50 ಕಿ.ಮೀ. ವೇಗದಲ್ಲಿ ಎಷ್ಟು ಸುತ್ತು ಅಂತ ಬರೆದುಕೊಂಡೆವು. ಸ್ಪೀಡೋಮೀಟರ್ ನಂಬಲಿಲ್ಲ, ಮೊಬೈಲಿನ ಜಿಪಿಎಸ್ ವೇಗ ತಗೊಂಡೆವು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ನಿಂತು ನೋಡಿ, "ಏನ್ ದೇವ್ರದೋ ಇದು?" ಅಂದರು.

ಆಮೇಲೆ ಬಂತು ಭರಣಿ ಮಳೆ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಆ ಗಾದೆ ಕಟ್ಟಿದವರು ಒಣಬೇಸಾಯದವರೇ ಇರಬೇಕು. ನಮ್ಮ ತುಂಗಭದ್ರಾ ನಾಲೆ ಕೆಳಗಿನವರಿಗೆ ಆಗ ಬೇಸಿಗೆ ನೆಲ್ಲು ಕಟಾವಿಗೆ ಬಂದಿರುತ್ತದೆ, ಭರಣಿ ಅಂದರೆ ಎದೆ ಡವಡವ.

ಸಂಜೆ ನಾಲ್ಕೂ ಮುಕ್ಕಾಲು. ಪೂರ್ವದಲ್ಲಿ ಮೋಡ ಕಪ್ಪಾಗಿತ್ತು, ಅಂಗಡಿ ಮುಂದೆ ಇನ್ನೂ ಬಿಸಿಲು. ಮೊದಲು ಕೆಂಪು ಧೂಳಿನ ಗೋಡೆ. ಹಿಂದೆಯೇ ಫ್ರಿಜ್ ಬಾಗಿಲು ತೆಗೆದ ಹಾಗೆ ತಣ್ಣನೆ ಗಾಳಿ. ಮುಂದಿನ ಏಳೆಂಟು ನಿಮಿಷ ಏನೂ ಕಾಣಲಿಲ್ಲ. ಎದುರಿನ ಶೆಡ್ಡಿನ ತಗಡುಗಳು ರೈಸ್‌ಮಿಲ್ ಕಾಂಪೌಂಡಿನೊಳಗೆ ಬಿದ್ದಿದ್ದವು.

ನನ್ನ ಯಂತ್ರದ ಕೊನೆಯ ಸಾಲು: 26 ಕಿ.ಮೀ. ಆ ಗಾಳಿಗೆ ಬಟ್ಟೆ ಒಣಗೀತು, ತಗಡು ಹಾರೀತೇ?

ತಪ್ಪು ಎರಡು, ಎರಡೂ ನನ್ನವೇ. ಒಂದು, ಪ್ರತಿ ನಿಮಿಷದ ಸರಾಸರಿ ಬರೆಯೋಕೆ ಹೇಳಿದ್ದೆ. ಗಾಳಿಯ ಹೊಡೆತವನ್ನು ಹವಾಮಾನದವರು 3 ಸೆಕೆಂಡಿನ ಸರಾಸರಿಯಲ್ಲಿ ಹೇಳುತ್ತಾರೆ. ನಿಮಿಷದ ಮೊದಲರ್ಧ ಸುಮ್ನೆ ಇದ್ದು ಕೊನೆಗೆ ಗುದ್ದಿದರೆ ಸರಾಸರಿಯಲ್ಲಿ ಗುದ್ದು ಮಾಯ. ಎರಡು, ಬೋರ್ಡು ಕರೆಂಟಿನ ಮೇಲೆ ನಡೆಯುತ್ತಿತ್ತು. ಗಾಳಿ ಬಂದರೆ ಮೊದಲು ಹೋಗುವುದೇ ಕರೆಂಟು. ದಿನವಿಡೀ ಮೋಟಾರ್ ರಿಪೇರಿ ಮಾಡುವವನಿಗೆ ಇದು ಹೊಳೆಯಲಿಲ್ಲ ಅಂದರೆ ನಗಬೇಡಿ. ಕೊನೆಯ ಮೂರು ಸಾಲಿನಲ್ಲಿ ಒಂದು ವಿಷಯ ಮಾತ್ರ ಸಿಕ್ಕಿತು: ಉಷ್ಣಾಂಶ 40ರಿಂದ 31 ಡಿಗ್ರಿಗೆ ಇಳಿದಿತ್ತು, ಒತ್ತಡ ಒಂದು ಮಿಲಿಬಾರಿನಷ್ಟು ಏರಿತ್ತು. ತಣ್ಣನೆಯ, ಭಾರದ ಗಾಳಿ ಬಂದಿಳಿದ ಗುರುತು ಅದು.

ಊರಲ್ಲಿ ಎಲ್ಲರೂ ಅದನ್ನು ಸುಂಟರಗಾಳಿ ಅಂದರು. ಕಾಕಾ ಒಬ್ಬರೇ ಒಪ್ಪಲಿಲ್ಲ. "ಗಾಳಿ ತಿರುಗಲಿಲ್ಲೋ ತಮ್ಮಾ, ಮ್ಯಾಲಿಂದ ಕುಕ್ಕಿದಂಗಾತು." ಸರಿ, ಯಂತ್ರ ಕೈಕೊಟ್ಟರೆ ಗದ್ದೆ ಇದೆಯಲ್ಲ ಅಂತ ಮರುದಿನ ಮೊಬೈಲಿನ ದಿಕ್ಸೂಚಿ ಹಿಡಿದು ಹೊರಟೆ.

ಮೊದಲು ಕರೆಂಟ್ ಕಂಬ ನೋಡಿದೆ. ಅವು ಸುಳ್ಳು ಹೇಳುತ್ತವೆ, ತಂತಿ ಎಳೆದ ಕಡೆ ಬೀಳುತ್ತವೆ. ತಗಡು ಉರುಳಿ ಉರುಳಿ ಎಲ್ಲಿಗೋ ಹೋಗಿರುತ್ತದೆ. ಬೇವಿನ ಮರದ ಬೇರು ಮೊದಲೇ ಕೊಳೆತಿರಬಹುದು. ಬಾಳೆ ಪರವಾಗಿಲ್ಲ. ನೆಲ್ಲಿನಷ್ಟು ನಿಯತ್ತು ಬೇರೆ ಯಾವುದಕ್ಕೂ ಇಲ್ಲ. ಒಂದು ಎಕರೆಯ ದಂಟೆಲ್ಲ ಬಾಚಿದ ತಲೆಗೂದಲಿನಂತೆ ಒಂದೇ ಕಡೆ ಮಲಗಿತ್ತು. ಕೈಯಿಂದ ಎತ್ತಿ ನೋಡಿದರೆ ಬುಡದಲ್ಲಿ ಮುರಿದಿರಲಿಲ್ಲ, ಬಾಗಿತ್ತು ಅಷ್ಟೇ. ಅಡಿಯ ತೆನೆ ಒದ್ದೆ, ಮೇಲಿನದು ಆಗಲೇ ಒಣಗಿತ್ತು.

ಮೊದಲ ಹತ್ತು ಅಳತೆ ಬಿಸಾಕಬೇಕಾಯಿತು. ಬೈಕಿನ ಪಕ್ಕ ನಿಂತು ನೋಡಿದ್ದೆ, ಕಬ್ಬಿಣಕ್ಕೆ ಮುಳ್ಳು 40 ಡಿಗ್ರಿ ತಪ್ಪಿತ್ತು.

ಕಟಾವು ಯಂತ್ರ ಬಂದರೆ ಗುರುತೆಲ್ಲ ಹೋಗುತ್ತದೆ ಅಂತ ಓಡಾಡುತ್ತಿದ್ದೆ. ಆದರೆ ಯಂತ್ರದ ಡ್ರೈವರಣ್ಣನಿಗೇ ಎಲ್ಲಾ ಗೊತ್ತಿತ್ತು. ಮಲಗಿದ ನೆಲ್ಲನ್ನು ಬಾಗಿದ ದಿಕ್ಕಿಗೆ ಎದುರಾಗಿ ಇಲ್ಲವೇ ಓರೆಯಾಗಿ ಕೊಯ್ಯಬೇಕು, ಇಲ್ಲದಿದ್ದರೆ ತೆನೆ ಉಳಿಯುತ್ತದೆ. ನಿಧಾನ ಆಗುತ್ತದೆ, ಗಂಟೆ ಲೆಕ್ಕದ ಬಾಡಿಗೆ ಜಾಸ್ತಿ ಆಗುತ್ತದೆ. ಹಾಗಾಗಿ ಅವರು ಪ್ರತಿ ಗದ್ದೆಯಲ್ಲೂ ಮೊದಲು ನೋಡುವುದೇ ಅದು. ಚಹಾ ಕುಡಿಯುತ್ತಾ ಹದಿನಾರು ಗದ್ದೆಯ ದಿಕ್ಕು ಹೇಳಿದರು. ನಾನು ಅಳೆದಿದ್ದ ಐದು ಗದ್ದೆಗೆ ಅವರ ಮಾತು ತಾಳೆಯಾಯಿತು.

ನಕ್ಷೆ ಮೇಲೆ ಬಾಣ ಹಾಕಿದೆ. ಸಿದ್ದಾಪುರ ರಸ್ತೆ ಪಕ್ಕ ನೆಲ್ಲು ಪಶ್ಚಿಮಕ್ಕೆ, ದಕ್ಷಿಣದ ಗದ್ದೆಗಳಲ್ಲಿ ನೈಋತ್ಯಕ್ಕೆ, ಉತ್ತರದವು ವಾಯವ್ಯಕ್ಕೆ. ಬೀಸಣಿಗೆ ಬಿಚ್ಚಿದ ಹಾಗೆ. ಸುಂಟರಗಾಳಿ ಆಗಿದ್ದರೆ ಬಾಣಗಳು ಒಳಮುಖವಾಗಿ, ಒಂದರ ಮೇಲೊಂದು ಅಡ್ಡ ಬೀಳಬೇಕಿತ್ತು.

ಇದೇ ಕೆಲಸವನ್ನು ಹವಾಮಾನ ವಿಜ್ಞಾನಿ ಟೆಡ್ ಫುಜಿಟಾ ವಿಮಾನದಿಂದ ಮಾಡಿದ್ದರು. 1945ರಲ್ಲಿ ನಾಗಸಾಕಿಯಲ್ಲಿ ಅಣುಬಾಂಬಿನ ಕೆಳಗೆ ಎಲ್ಲವೂ ಒಂದು ಬಿಂದುವಿನಿಂದ ಹೊರಕ್ಕೆ ಬಿದ್ದಿದ್ದನ್ನು ಕಂಡಿದ್ದರು. 1974ರಲ್ಲಿ ಅಮೆರಿಕದ ಕಾಡಿನಲ್ಲಿ ಮರಗಳು ಹಾಗೇ ಬಿದ್ದಿದ್ದವು. ಮರುವರ್ಷ ನ್ಯೂಯಾರ್ಕಿನಲ್ಲಿ ವಿಮಾನ ಬಿದ್ದು 113 ಜನ ಸತ್ತಾಗ, ಮೋಡದಿಂದ ಕೆಳಕ್ಕೆ ಬೀಳುವ ಗಾಳಿಯೇ ಕಾರಣ ಅಂದರು. 4 ಕಿ.ಮೀ. ಒಳಗಿನ ಹರವಿದ್ದರೆ ಅದಕ್ಕೆ ಮೈಕ್ರೋಬರ್ಸ್ಟ್ ಅಂತ ಹೆಸರು.

ಆಗುವುದು ಇಷ್ಟು. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ಮಳೆಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಮಡಕೆ ನೀರು ತಣ್ಣಗಾಗುವ ಹಾಗೆಯೇ ಅಲ್ಲಿನ ಗಾಳಿ ತಣ್ಣಗಾಗುತ್ತದೆ, ಭಾರವಾಗಿ ಕೆಳಕ್ಕೆ ಬೀಳುತ್ತದೆ. ಲಾರಿ ಮೇಲಿಂದ ನೆಲ್ಲಿನ ಚೀಲ ಕೆಡವಿದರೆ ಧೂಳು ಸುತ್ತಲೂ ಚಿಮ್ಮುತ್ತದಲ್ಲ, ಹಾಗೆ. ಓಡುವ ಲಾರಿಯಿಂದ ಬಿದ್ದರೆ ಧೂಳು ಮುಂದಕ್ಕೇ ಜಾಸ್ತಿ. ನಮ್ಮ ಮೋಡ ಪಶ್ಚಿಮಕ್ಕೆ ಓಡುತ್ತಿತ್ತು.

ಎದುರಿನ ಶೆಡ್ಡಿನವರಿಗೆ ಒಂದು ಲೆಕ್ಕ ಮಾಡಿಕೊಟ್ಟೆ. ಗಂಟೆಗೆ 100 ಕಿ.ಮೀ. ಗಾಳಿ ಚದರ ಮೀಟರಿಗೆ ಸುಮಾರು 47 ಕಿಲೋ ಭಾರದಷ್ಟು ಒತ್ತುತ್ತದೆ. 10 ಅಡಿ ಉದ್ದ, 3 ಅಡಿ ಅಗಲದ ತಗಡಿಗೆ 130 ಕಿಲೋ. ವೇಗ 140 ಆದರೆ ಅದರ ಎರಡರಷ್ಟು. ಅವರು ತಗಡಿನ ಮೇಲೆ ನಾಲ್ಕು ಕಲ್ಲು ಹೇರಿದ್ದರು. ಕಲ್ಲೂ ಹಾರಿ ಬಿದ್ದಿತ್ತು, ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಈಗ ಅಂಚಿನ ಸಾಲಿಗೆ ತಗಡು ಬಿಗಿಯುವ ಜೆ ಹುಕ್ ಒತ್ತೊತ್ತಾಗಿ ಹಾಕಿಸಿದ್ದಾರೆ.

ಕಂಬದ ಕಡೆ ಬದಲಾವಣೆ: 3 ಸೆಕೆಂಡಿನ ಹೊಡೆತ ಬೇರೆ ದಾಖಲು, ಹಳೇ ಬೈಕ್ ಬ್ಯಾಟರಿ, ಲೆಕ್ಕವೆಲ್ಲ ಮೆಮೊರಿ ಕಾರ್ಡಿಗೆ. ಕಾಕಾನ ಹೊಲದಲ್ಲಿ ಎರಡನೇ ಕಂಬ ನಿಲ್ಲಿಸಬೇಕು. ಡ್ರೈವರಣ್ಣ ಮುಂದಿನ ಹಂಗಾಮಿಗೆ ಪ್ರತಿ ಗದ್ದೆಯ ಫೋಟೋ ಕಳಿಸುತ್ತೇನೆ ಅಂದಿದ್ದಾರೆ. ಸದ್ಯಕ್ಕೆ ಸೌಟಿನ ಮೇಲೆ ಒಂದು ಕಾಗೆ ಕೂರುವುದನ್ನು ರೂಢಿ ಮಾಡಿಕೊಂಡಿದೆ, ಆಗೆಲ್ಲ ಗಾಳಿ ಸೊನ್ನೆ.