ಗಂಟಲು ತೋರಿಸದ ನ್ಯೂಟ್

ಕೊನೆಗೂ ಗಂಟಲು ಕಂಡಿತು! ಮೂರು ವಾರ, ಹನ್ನೊಂದು ರಾತ್ರಿ, ಕೆಸರಲ್ಲಿ ಹಾಳಾದ ಎರಡು ಜೊತೆ ಸಾಕ್ಸ್.

ನ್ಯೂಟ್ ಅಂದರೆ ಹಲ್ಲಿಯಂತೆ ಕಾಣುವ, ಕಪ್ಪೆಯ ದೂರದ ನೆಂಟನಾದ ಪುಟ್ಟ ಉಭಯಚರ. ಇಂಗ್ಲೆಂಡಿನ ಶೆಫೀಲ್ಡ್‌ನ ನಮ್ಮ ಹಿತ್ತಲ ಕೊಳಕ್ಕೆ ಮಾರ್ಚ್‌ನಲ್ಲಿ ಬಂದ ಗಂಡುಗಳೆಲ್ಲ ಸ್ಮೂತ್ ಎಂಬ ಜಾತಿಯ ನ್ಯೂಟ್‌ಗಳೇ. ಬೆನ್ನುದ್ದಕ್ಕೂ ಅಲೆಅಲೆ ಜುಟ್ಟು, ಮೈತುಂಬ ಕರಿ ಚುಕ್ಕೆ, ಅನುಮಾನವೇ ಇಲ್ಲ. ಹಾಗಾಗಿ ಹೆಣ್ಣುಗಳೂ ಸ್ಮೂತ್ ಅಂತ ಬರೆದುಕೊಂಡು ಸುಮ್ಮನಾಗಿದ್ದೆ. ಆಮೇಲೆ ಒಂದು ರಾತ್ರಿ, ಸ್ವಲ್ಪ ಸಣ್ಣ ಹೆಣ್ಣೊಂದು ಫರ್ಗೆಟ್-ಮಿ-ನಾಟ್ ಎಂಬ ನೀರ ಗಿಡದ ಎಲೆಯನ್ನು ಹಿಂಗಾಲಲ್ಲಿ ಮಡಚಿ ಒಳಗೆ ಮೊಟ್ಟೆ ಇಡುತ್ತಿತ್ತು. ಒಂದು ಎಲೆಗೆ ಒಂದೇ ಮೊಟ್ಟೆ, ಬೀಡಾ ಕಟ್ಟಿದ ಹಾಗೆ. ನೋಡುತ್ತಾ ನೋಡುತ್ತಾ ತಲೆಗೆ ಹುಳ ಬಿತ್ತು: ಇದು ನ್ಯೂಟಿನ ಇನ್ನೊಂದು ಜಾತಿ, ಪಾಮೇಟ್ ಆಗಿದ್ದರೆ?

ಎರಡರ ಹೆಣ್ಣುಗಳೂ ಮೇಲಿಂದ ಒಂದೇ ಮಂಕು ಕಂದು. ಗುರುತು ಇರುವುದು ಗಂಟಲಲ್ಲಿ. ಸ್ಮೂತ್‌ಗೆ ಸಾಮಾನ್ಯವಾಗಿ ಚುಕ್ಕೆ ಇರುತ್ತವೆ, ಪಾಮೇಟ್‌ದು ಚುಕ್ಕೆಯಿಲ್ಲದ ನಸುಗುಲಾಬಿ. ಅದರ ಗಂಟಲೋ ಕೆಳಗೆ, ನಾನೋ ಮೇಲೆ.

ಮೊದಲು ಟಾರ್ಚ್ ಹಿಡಿದು ದಡದಲ್ಲಿ ಬೋರಲು ಮಲಗಿದೆ. ನೀರಿನ ಮೇಲೆ ಬೆಳಕು ಬಿದ್ದು ನನ್ನ ಮುಖವೇ ಕಂಡಿತು. ಆಮೇಲೆ ಕ್ಯಾಮೆರಾವನ್ನು ಕೋಲಿಗೆ ಕಟ್ಟಿ ಮುಳುಗಿಸಿದೆ. ಬಂದದ್ದು ನಲವತ್ತು ಡಕ್‌ವೀಡ್ (ನೀರ ಮೇಲೆ ತೇಲುವ ಪುಟ್ಟ ಎಲೆಯ ಕಳೆ) ಫೋಟೋ. ಈ ಡಕ್‌ವೀಡ್ ನಾನು ತಂದದ್ದಲ್ಲ. ಆನ್‌ಲೈನ್‌ನಲ್ಲಿ ಮೂರು ಗಿಡ ತರಿಸಿದ್ದೆ, ಅದರ ಬೇರಲ್ಲಿ ನಾಲ್ಕು ಎಲೆ ಪುಕ್ಕಟೆ ಬಂತು. ಈಗ ಕೊಳದ ಮೇಲೆ ಹಸಿರು ಜಮಖಾನ. ದೂರು ಕೊಟ್ಟರೆ "ನೈಸರ್ಗಿಕ ಉತ್ಪನ್ನ, ಸರ್" ಎಂಬ ಉತ್ತರ.

ಡಬ್ಬಿಯೇ ಗತಿ ಅಂತಾಯಿತು. ಹೋಟೆಲ್ ಪಾರ್ಸೆಲ್ ಡಬ್ಬಿ ತೊಳೆದು, ಕೊಳದ ನೀರನ್ನೇ ತುಂಬಿ, ನ್ಯೂಟನ್ನು ಬಿಟ್ಟು, ಕೆಳಗಿಂದ ಫೋನ್ ಹಿಡಿದೆ. ಗಂಟಲ ನೇರಕ್ಕೆ ಏನಿತ್ತು ಗೊತ್ತಾ? ರೀಸೈಕಲ್ ಮಾಡಿ ಅನ್ನುವ ತ್ರಿಕೋನ! ಐದು ಡಬ್ಬಿ ನೋಡಿದೆ, ಐದಕ್ಕೂ ತಳದ ನಡುಮಧ್ಯೆ ಅದೇ ಮುದ್ರೆ. ನ್ಯೂಟ್ ಕೂಡ ಅಲ್ಲೇ ಹೋಗಿ ಕೂರುತ್ತಿತ್ತು, ಹಟಮಾರಿ.

ದಾರಿ ತೋರಿಸಿದ್ದು ಸೋನ್‌ಪಾಪ್ಡಿ. ದೀಪಾವಳಿಯಿಂದ ಯಾರೂ ಮುಟ್ಟದೆ ಬಿದ್ದಿದ್ದ ಡಬ್ಬಿಯ ಮುಚ್ಚಳ ಗಾಜಿನಷ್ಟು ತಿಳಿ, ಎರಡು ಬೆರಳು ಆಳ, ಮುದ್ರೆ ಇಲ್ಲ. ಮುಚ್ಚಳ ಮಗುಚಿಟ್ಟರೆ ಅದೇ ತಟ್ಟೆ. ಟಾರ್ಚನ್ನು ಪಕ್ಕದಿಂದ ಹಿಡಿಯಬೇಕು, ಕೆಳಗಿಂದ ಹಿಡಿದರೆ ಬರೀ ಹೊಳಪು. ಕೈ ಒದ್ದೆ ಇರಲಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲಂತೂ ಮುಟ್ಟಲೇಬೇಡಿ, ಅವುಗಳ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಕಪ್ಪಗೆ, ಒರಟು ಮೈಯ, ಮುಕ್ಕಾಲು ಗೇಣುದ್ದದ್ದು ಕಂಡರೆ ಅದು ಮೂರನೆಯ ಜಾತಿ, ಗ್ರೇಟ್ ಕ್ರೆಸ್ಟೆಡ್. ಬ್ರಿಟನ್ನಿನ 1981ರ ವನ್ಯಜೀವಿ ಕಾನೂನಿನ ರಕ್ಷಣೆ ಅದಕ್ಕಿದೆ, ಲೈಸೆನ್ಸ್ ಇಲ್ಲದೆ ಹಿಡಿಯುವ ಹಾಗಿಲ್ಲ.

ಒಂದೇ ನಿಮಿಷ. ಎರಡು ಫೋಟೋ. ಗಂಟಲು ಶುದ್ಧ ಗುಲಾಬಿ, ಒಂದು ಚುಕ್ಕೆಯೂ ಇಲ್ಲ. ಪಾಮೇಟ್! ತಿರುಗಿ ನೀರಿಗೆ ಬಿಟ್ಟೆ. ಪಶ್ಚಿಮಕ್ಕೆ ಹೋದರೆ ಪೀಕ್ ಡಿಸ್ಟ್ರಿಕ್ಟ್‌ನ ಜೌಗು ಬೆಟ್ಟಗಳು, ಅಲ್ಲಿನ ಹುಳಿ ನೀರು ಪಾಮೇಟ್‌ಗೆ ಇಷ್ಟ. ನಮ್ಮ ಪ್ಲಾಸ್ಟಿಕ್ ಹಾಳೆ ಕೊಳವನ್ನು ಅದು ಯಾಕೆ ಆರಿಸಿಕೊಂಡಿತೋ!

ಖುಷಿಯಲ್ಲಿ ಅಮ್ಮನಿಗೆ ಫೋಟೋ ಕಳಿಸಿದೆ. "ಇದು ಹಾವುರಾಣಿ ಅಲ್ವೇನೋ? ಇದಕ್ಕಾ ರಾತ್ರಿಯೆಲ್ಲ ಚಳೀಲಿ ಕೂತಿದ್ದೆ?" ಅಂದಳು. ಅವಳ ತಪ್ಪಿಲ್ಲ, ನಮ್ಮ ಕಡೆ ನ್ಯೂಟೇ ಇಲ್ಲವಲ್ಲ. ಭಾರತದಲ್ಲಿ ನೋಡಬೇಕೆಂದರೆ ಡಾರ್ಜಿಲಿಂಗ್, ಈಶಾನ್ಯದ ಬೆಟ್ಟಗಳ ಕಡೆಗೇ ಹೋಗಬೇಕು. ಮುಂದಿನ ರಜೆಗೆ ಅಲ್ಲಿಗೆ ಹೋಗುವ ಪ್ಲ್ಯಾನ್ ಇದೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ಅದಕ್ಕೂ ಮೊದಲು ಒಡೆದ ಇಟ್ಟಿಗೆ, ಮರದ ದಿಮ್ಮಿ ಪೇರಿಸಿ ಇವುಗಳಿಗೆ ಚಳಿಗಾಲದ ಮನೆ ಕಟ್ಟಬೇಕು. ಇಟ್ಟಿಗೆ ಕೊಡುತ್ತೇನೆಂದ ಪಕ್ಕದ ಮನೆಯವರು ಯಾಕೋ ಈಗ ಕಣ್ಣಿಗೇ ಬೀಳುತ್ತಿಲ್ಲ.

ಈಗ ಹೊಸ ತಲೆನೋವು: ಇವಳ ಗಂಡು ಎಲ್ಲಿ? ಬಾಲದ ತುದಿಯಲ್ಲಿ ದಾರದಂಥ ಎಳೆ, ಹಿಂಗಾಲಿಗೆ ಬಾತುಕೋಳಿಯ ಹಾಗೆ ಕರಿ ಪೊರೆ ಇರಬೇಕು. ಒಂದೂ ಕಂಡಿಲ್ಲ. ಗುರುವಾರ ರಾತ್ರಿ ಮಳೆ ಅಂತೆ, ಎಂಟು ಡಿಗ್ರಿ. ಸಾಕ್ಸ್ ತೊಳೆದು ಒಣಗಿಸಿದ್ದೇನೆ.